ಹಿತ್ತಿಲ ಕೆಲಸಕ್ಕೆ ಸಹಾಯಧನ: ಗುದ್ದಲಿ ಹಿಡಿಯುವ ಮೊದಲು ಅರ್ಜಿ ಹಿಡಿಯಿರಿ

ನಾನೊಂದು ದಡ್ಡತನ ಮಾಡಿದ್ದೆ. ಮಳೆ ಹತ್ತಿರ ಬಂತು ಅಂತ ಆತುರಪಟ್ಟು ಹಿತ್ತಿಲಲ್ಲಿ ಇಂಗುಗುಂಡಿ ತೋಡಿಸಿದೆ. ಜಲ್ಲಿ ತುಂಬಿಸಿದೆ. ಎಲ್ಲ ಮುಗಿದ ಮೇಲೆ ಸಹಾಯಧನಕ್ಕೆ ಅರ್ಜಿ ಹಾಕಿದೆ. ನೋಡಲು ಬಂದವರು ಗುಂಡಿಯನ್ನು ಹೊಗಳಿದರು. ಆದರೆ ಮುಗಿದ ಕೆಲಸಕ್ಕೆ ದುಡ್ಡು ಕೊಡಲು ಬರುವುದಿಲ್ಲ ಅಂದರು. ಮನೆಗೆ ಬಂದು ನಿಯಮದ ಹಾಳೆ ತೆಗೆದು ನೋಡಿದರೆ ಎರಡನೇ ಸಾಲಿನಲ್ಲೇ ಅದು ಬರೆದಿತ್ತು. ತಪ್ಪು ನನ್ನದೇ.

ಅದಾದ ಮೇಲೆ ಮಳೆನೀರು, ಮಣ್ಣು ಉಳಿಸುವ ಹಿತ್ತಿಲ ಕೆಲಸಕ್ಕೆ ಸಹಾಯಧನ ಕೊಡುವ ಯೋಜನೆಗಳ ನಿಯಮಗಳನ್ನು ಓದುವುದು ನನಗೆ ಒಂಥರಾ ಚಟವಾಗಿದೆ. ಊರು ಬೇರೆ, ದೇಶ ಬೇರೆ, ಇಲಾಖೆಯ ಹೆಸರು ಬೇರೆ. ಆದರೆ ಒಳಗಿನ ಲೆಕ್ಕಾಚಾರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಅದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಪ್ರಶ್ನೆ: ಈ ದುಡ್ಡು ಯಾಕೆ ಕೊಡುತ್ತಾರೆ?

ಹಿತ್ತಿಲು ನಿಮ್ಮದು, ಗಿಡ ನಿಮ್ಮದು. ಹಾಗಿದ್ದ ಮೇಲೆ ನಗರಸಭೆಯೋ ನೀರಿನ ಮಂಡಳಿಯೋ ಊರಿನವರ ತೆರಿಗೆ ದುಡ್ಡನ್ನು ನಿಮಗೆ ಯಾಕೆ ಕೊಡಬೇಕು? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಅರ್ಜಿ ಬರೆದ ಹಾಗೆ.

ನಿಮ್ಮ ಹಿತ್ತಿಲು ಚೆಂದ ಕಾಣಲಿ ಅಂತ ಅವರು ಕೊಡುವುದಿಲ್ಲ. ನಿಮ್ಮ ಕಾಂಪೌಂಡ್ ದಾಟಿ ಏನು ಆಚೆ ಹೋಗುತ್ತದೆ, ಅದರ ಮೇಲೆ ಅವರ ಕಣ್ಣು. ಮಳೆನೀರು, ಅದರ ಜೊತೆ ಕೊಚ್ಚಿ ಹೋಗುವ ಮಣ್ಣು, ಗಿಡಕ್ಕೆ ಹಾಕಿದ ಗೊಬ್ಬರ, ಹೊಡೆದ ಔಷಧ, ಕಸದ ಗಾಡಿಗೆ ಹಾಕಿದ ಎಲೆ. ಹನಿಗೂಡಿ ಹಳ್ಳ ಅಂತೀವಲ್ಲ, ಇಲ್ಲಿ ಆ ಹಳ್ಳವೇ ತೊಂದರೆ. ಸಾವಿರ ಮನೆಯ ಚಾವಣಿ ನೀರು ಒಂದೇ ಗಂಟೆಯಲ್ಲಿ ಒಂದೇ ಚರಂಡಿಗೆ ಬಿದ್ದರೆ ಚರಂಡಿ ಉಕ್ಕುತ್ತದೆ. ಚರಂಡಿ ದೊಡ್ಡದು ಮಾಡಲು ರಸ್ತೆ ಅಗೆಯಬೇಕು. ಅದಕ್ಕಿಂತ ನೀರನ್ನು ಹಿತ್ತಿಲಲ್ಲೇ ನಿಲ್ಲಿಸುವವರಿಗೆ ಸ್ವಲ್ಪ ದುಡ್ಡು ಕೊಡುವುದು ಅಗ್ಗ.

ಅಮೆರಿಕದ ಫಿಲಡೆಲ್ಫಿಯಾದ ಹಳೆಯ ಬಡಾವಣೆಗಳಲ್ಲಿ ಮಳೆನೀರಿಗೂ ಶೌಚದ ನೀರಿಗೂ ಒಂದೇ ಕೊಳವೆ. ಜೋರು ಮಳೆ ಬಂದರೆ ಎರಡೂ ಸೇರಿ ನದಿಗೆ ಹೋಗುತ್ತವೆ. ಆ ನಗರ 2011ರಲ್ಲಿ 25 ವರ್ಷದ ಯೋಜನೆ ಹಾಕಿಕೊಂಡಿತು. ಬರೀ ಕೊಳವೆ ಹಾಕುವುದಲ್ಲ, ಮಣ್ಣು ಮತ್ತು ಗಿಡಗಳ ಮೂಲಕವೂ ಮಳೆನೀರು ಹಿಡಿಯುವುದು. ಅಲ್ಲಿ ಮನೆಯವರಿಗೂ ಇದಕ್ಕೆ ನೆರವು ಸಿಗುತ್ತದೆ. ಟೋಕಿಯೋದ ಸುಮಿದಾ ವಾರ್ಡ್ 1990ರ ದಶಕದಿಂದಲೂ ಮಳೆನೀರಿನ ತೊಟ್ಟಿಗೆ ಸಹಾಯಧನ ಕೊಡುತ್ತಿದೆ. ಮರುಭೂಮಿಯ ಲಾಸ್ ವೇಗಸ್‌ನಲ್ಲಿ ಚಿಂತೆಯೇ ಬೇರೆ. ಅಲ್ಲಿ ಹುಲ್ಲುಹಾಸಿಗೆ ಹೋಗುವ ನೀರು ಉಳಿಯಬೇಕು. ಅದಕ್ಕೇ ಅಲ್ಲಿನ ನೀರಿನ ಪ್ರಾಧಿಕಾರ ಹುಲ್ಲು ಕಿತ್ತು ಒಣನೆಲದ ಗಿಡ ಹಾಕುವವರಿಗೆ ಚದರ ಅಡಿ ಲೆಕ್ಕದಲ್ಲಿ ದುಡ್ಡು ಕೊಡುತ್ತದೆ.

ಈ ಪದ್ಧತಿಯ ಬೇರು ಹೊಲದಲ್ಲಿದೆ. 1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯ ಮಣ್ಣು ದೂಳಾಗಿ ಎದ್ದು ರಾಜಧಾನಿ ವಾಷಿಂಗ್ಟನ್‌ವರೆಗೂ ಹೋಯಿತು. 1935ರಲ್ಲಿ ಮಣ್ಣು ಉಳಿಸುವ ಕಾನೂನು ಬಂತು. 1937ರಿಂದ ಊರೂರಿನಲ್ಲಿ ಮಣ್ಣು ಸಂರಕ್ಷಣಾ ಜಿಲ್ಲೆಗಳು (ಮಣ್ಣು ಉಳಿಸಲೆಂದೇ ಇರುವ ಸ್ಥಳೀಯ ಸಂಸ್ಥೆಗಳು) ಹುಟ್ಟಿಕೊಂಡವು. ಈಗ ಅವು ಸುಮಾರು 3000 ಇವೆ. ಬದು ಹಾಕಲು, ಮರ ನೆಡಲು ರೈತ ಒಂದು ಪಾಲು ಹಾಕಿದರೆ ಸರ್ಕಾರ ಒಂದು ಪಾಲು ಕೊಡುತ್ತದೆ. 1990ರ ದಶಕದ ಕೊನೆಗೆ ಅಲ್ಲಿನ ಕೃಷಿ ಇಲಾಖೆ ಇವೇ ಕೆಲಸಗಳನ್ನು ಹಿತ್ತಿಲ ಅಳತೆಗೆ ಇಳಿಸಿ ಹತ್ತರ ಪಟ್ಟಿ ಮಾಡಿತು. ಮರ ನೆಡುವುದು, ಮುಚ್ಚಿಗೆ (ಮಣ್ಣಿನ ಮೇಲೆ ಒಣ ಎಲೆಯಂಥ ಹೊದಿಕೆ), ಕಾಂಪೋಸ್ಟ್, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡುವುದು, ನೀರು ಉಳಿಸುವುದು, ಹಕ್ಕಿ ಚಿಟ್ಟೆಗಳಿಗೆ ಜಾಗ, ಹೀಗೆ. ನೀವು ಹಾಕುವ ಪಾಲು, ಅವರು ಹಾಕುವ ಪಾಲು ಅನ್ನುವ ಮಾತು ಇಂದಿನ ಅರ್ಜಿಗಳಲ್ಲೂ ಬರುತ್ತದೆ.

ಹಂತ 1: ಮಳೆಯಲ್ಲಿ ಮನೆ ಸುತ್ತು ಹಾಕಿ

ಜೋರು ಮಳೆ ಬರುವಾಗ ಕೊಡೆ ಹಿಡಿದು ಹೊರಗೆ ಹೋಗಿ. ತಮಾಷೆಯಲ್ಲ, ಇದಕ್ಕಿಂತ ಒಳ್ಳೆಯ ಸರ್ವೆ ಇಲ್ಲ. ಚಾವಣಿಯ ನೀರು ಎಲ್ಲಿ ಬೀಳುತ್ತದೆ? ಎಲ್ಲಿ ನಿಲ್ಲುತ್ತದೆ? ಯಾವ ಮೂಲೆಯಿಂದ ಕಾಂಪೌಂಡ್ ದಾಟುತ್ತದೆ? ದಾಟುವ ನೀರು ತಿಳಿಯಾಗಿದೆಯಾ, ಕೆಂಪಾಗಿದೆಯಾ? ಕೆಂಪಗಿದ್ದರೆ ನೀರಿನ ಜೊತೆ ಮಣ್ಣೂ ಹೋಗುತ್ತಿದೆ. ಎಲ್ಲದರ ಫೋಟೋ ತೆಗೆಯಿರಿ. ಚಿಕ್ಕದೊಂದು ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಬಿಸಿಲು ಬಂದ ಮೇಲೆ ಈ ಸಾಕ್ಷಿ ಸಿಗುವುದಿಲ್ಲ.

ಮಳೆ ನಿಂತ ಮೇಲೆ ಒಂದು ಹಾಳೆಯಲ್ಲಿ ನಕ್ಷೆ ಬರೆಯಿರಿ. ಮನೆ, ಮರ, ಬಾವಿ, ಸೆಪ್ಟಿಕ್ ಟ್ಯಾಂಕ್, ಸಿಮೆಂಟ್ ಅಂಗಳ. ನೀರು ಹರಿಯುವ ದಿಕ್ಕಿಗೆ ಬಾಣದ ಗುರುತು ಹಾಕಿ. ಚಿತ್ರ ಚೆನ್ನಾಗಿರಬೇಕಿಲ್ಲ, ಅಳತೆ ಮಾತ್ರ ಸರಿ ಇರಲಿ.

ಇನ್ನೊಂದು ಪರೀಕ್ಷೆ ಮಣ್ಣಿನದು. ಸುಮಾರು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ. ಈ ಎರಡನೇ ಸಲ ಎಷ್ಟು ಹೊತ್ತಿಗೆ ಇಂಗುತ್ತದೆ ಅಂತ ಗಡಿಯಾರ ನೋಡಿ ಬರೆದುಕೊಳ್ಳಿ. ಒಂದು ದಿನದೊಳಗೆ ಇಂಗಿದರೆ ಆ ಜಾಗ ಮಳೆನೀರು ಇಂಗಿಸಲು ಆಗುತ್ತದೆ. ಎರಡು ದಿನವಾದರೂ ನೀರು ಹಾಗೇ ನಿಂತಿದ್ದರೆ ಅದು ಜಿಗುಟು ಮಣ್ಣು. ಅಲ್ಲಿ ಗುಂಡಿ ತೋಡಿದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ. ಬೇರೆ ಜಾಗ ನೋಡಿ, ಇಲ್ಲವೇ ಬೇರೆ ಕೆಲಸ ನೋಡಿ.

ಹಂತ 2: ಒಂದೇ ಒಂದು ಕೆಲಸ ಆರಿಸಿಕೊಳ್ಳಿ

ಹಿತ್ತಿಲನ್ನು ಒಂದೇ ವರ್ಷದಲ್ಲಿ ಕಾಡು ಮಾಡುವ ಉತ್ಸಾಹ ಎಲ್ಲರಿಗೂ ಬರುತ್ತದೆ. ಆದರೆ ಐದು ಕೆಲಸಕ್ಕೆ ಒಟ್ಟಿಗೆ ಅರ್ಜಿ ಹಾಕಿದರೆ ಓದುವವರಿಗೆ ಯಾವುದೂ ಸ್ಪಷ್ಟ ಆಗುವುದಿಲ್ಲ. ಮಳೆಯಲ್ಲಿ ನೀವು ಕಂಡ ತೊಂದರೆಗಳಲ್ಲಿ ಯಾವುದು ದೊಡ್ಡದು? ಅದಕ್ಕೆ ಹೊಂದುವ ಕೆಲಸ ಒಂದು ಸಾಕು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಸುಲಭದ ಲೆಕ್ಕವೇ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಚಾವಣಿ 100 ಚದರ ಮೀಟರ್ ಇದ್ದು 25 ಮಿಲಿಮೀಟರ್ ಮಳೆ ಬಂದರೆ 2500 ಲೀಟರ್. ಆವಿಯಾಗಿ, ಸಿಡಿದು, ಹೆಂಚು ಹೀರಿಕೊಂಡು ಸ್ವಲ್ಪ ಕಳೆದರೂ 2000 ಲೀಟರಿಗೆ ಮೋಸವಿಲ್ಲ.

ಈಗ 200 ಲೀಟರಿನ ಡ್ರಮ್ ಇಡುತ್ತೀರಿ ಅನ್ನಿ. ಇಡೀ ಚಾವಣಿಯ ನೀರು ಅದಕ್ಕೆ ಬಂದರೆ 2 ಮಿಲಿಮೀಟರ್ ಮಳೆಗೇ ತುಂಬಿತು! ಉಳಿದದ್ದೆಲ್ಲ ಉಕ್ಕಿ ಹೋಗುತ್ತದೆ. ಡ್ರಮ್ ಬೇಡ ಅಂತಲ್ಲ. ಗಿಡಕ್ಕೆ ನೀರು ಹಾಕಲು ಅದು ಬಹಳ ಒಳ್ಳೆಯದು. ಆದರೆ ಬೀದಿಯ ಪ್ರವಾಹ ತಡೆಯುತ್ತೇನೆ ಅಂತ ಅರ್ಜಿಯಲ್ಲಿ ಬರೆದು ಒಂದು ಡ್ರಮ್ ತೋರಿಸಿದರೆ ಲೆಕ್ಕ ಬಲ್ಲವರು ನಗುತ್ತಾರೆ.

ಆ ಕೆಲಸಕ್ಕೆ ಮಳೆತೋಟ ಹೆಚ್ಚು ಸರಿ. ಮಳೆತೋಟ ಅಂದರೆ ತಗ್ಗಾದ ಪಾತಿ. ಸುತ್ತಲಿನ ನೀರು ಅದಕ್ಕೆ ಹರಿದು ಬರುತ್ತದೆ, ಸ್ವಲ್ಪ ಹೊತ್ತು ನಿಂತು ಇಂಗುತ್ತದೆ. ನಿಂತ ನೀರನ್ನೂ ಬರವನ್ನೂ ತಾಳಿಕೊಳ್ಳುವ ಗಿಡಗಳು ಅದರಲ್ಲಿರುತ್ತವೆ. ಒಂದು ಕೊಳವೆಗೆ 25 ಚದರ ಮೀಟರ್ ಚಾವಣಿಯ ನೀರು ಬರುತ್ತದೆ ಅಂದುಕೊಳ್ಳೋಣ. 25 ಮಿಲಿಮೀಟರ್ ಮಳೆಗೆ ಅದು 625 ಲೀಟರ್. ಪಾತಿ 15 ಸೆಂಟಿಮೀಟರ್ ತಗ್ಗಿದ್ದರೆ ಸುಮಾರು 4 ಚದರ ಮೀಟರ್ ಜಾಗ ಸಾಕು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಅಷ್ಟೇ.

ನೀರು ನಿಮ್ಮ ಚಿಂತೆಯಲ್ಲ, ಮಣ್ಣು ಬರಡಾಗಿದೆ ಅಂದರೆ ಮುಚ್ಚಿಗೆ ಮತ್ತು ಕಾಂಪೋಸ್ಟ್ ನೋಡಿ. ಒಣ ಎಲೆಯ ಮುಚ್ಚಿಗೆ 5ರಿಂದ 8 ಸೆಂಟಿಮೀಟರ್ ದಪ್ಪ ಇರಲಿ, ಕಾಂಡಕ್ಕೆ ಅಂಟದಿರಲಿ. ಕಾಂಪೋಸ್ಟಿಗೆ ಹಸಿ ಕಸ ಒಂದು ಪಾಲಾದರೆ ಒಣ ಎಲೆ ಎರಡು ಮೂರು ಪಾಲು. ವಾಸನೆ ಬಂದರೆ ಒಣದ್ದು ಕಡಿಮೆಯಾಗಿದೆ ಅಂತ ತಿಳಿಯಿರಿ. ಇವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಅನೇಕ ಕಡೆ ಕಾಂಪೋಸ್ಟ್ ಡಬ್ಬವನ್ನೇ ಕಡಿಮೆ ಬೆಲೆಗೆ ಕೊಡುತ್ತಾರೆ.

ಜೇನು, ಚಿಟ್ಟೆಗಳಿಗಾಗಿ ಸ್ಥಳೀಯ ಗಿಡ ಹಾಕುವವರಿಗೆ ಒಂದು ಮಾತು. ವರ್ಷದ ಯಾವ ತಿಂಗಳಲ್ಲೂ ಏನಾದರೂ ಒಂದು ಹೂವಿರುವಂತೆ ಆರಿಸಿ. ಹತ್ತು ಬಗೆಯ ಒಂದೊಂದು ಗಿಡಕ್ಕಿಂತ ಮೂರು ನಾಲ್ಕು ಬಗೆಯನ್ನು ಗುಂಪಾಗಿ ನೆಡುವುದು ಮೇಲು. ಕೀಟನಾಶಕ ಹಾಕಿ ಬೆಳೆಸಿದ ಸಸಿಯೋ ಅಂತ ನರ್ಸರಿಯಲ್ಲಿ ಕೇಳಿ. ಚಿಟ್ಟೆಗೆ ಅಂತ ವಿಷದ ಗಿಡ ತಂದರೆ ಏನು ಬಂತು?

ಹಂತ 3: ದುಡ್ಡು ಯಾರ ಹತ್ತಿರ ಇದೆ?

"ಹಿತ್ತಿಲು" ಅನ್ನುವ ಹೆಸರಿನಲ್ಲಿ ಹುಡುಕಿದರೆ ಬಹುಶಃ ಏನೂ ಸಿಗುವುದಿಲ್ಲ. ಯೋಜನೆಗಳು ಅವರವರ ಚಿಂತೆಯ ಹೆಸರಿನಲ್ಲಿರುತ್ತವೆ. ನೀರಿನ ಮಂಡಳಿಯಲ್ಲಿ ಮಳೆನೀರು ಸಂಗ್ರಹ ಅಂತಲೋ ನೀರಿನ ಉಳಿತಾಯ ಅಂತಲೋ ಇರುತ್ತದೆ. ನಗರಸಭೆಯಲ್ಲಿ ಚರಂಡಿ ವಿಭಾಗದಲ್ಲಿ ಕೇಳಿ, ಕಸದ ವಿಭಾಗದಲ್ಲೂ ಕೇಳಿ. ಮರಕ್ಕೆ ಅರಣ್ಯ ಅಥವಾ ತೋಟಗಾರಿಕೆಯವರು. ಕೆರೆ, ನದಿಗಳ ಸಂರಕ್ಷಣೆಗೆ ದುಡಿಯುವ ಸಂಘಗಳಲ್ಲೂ ಚಿಕ್ಕ ನಿಧಿ ಇರುವುದುಂಟು.

ನೆರವು ಯಾವಾಗಲೂ ನಗದೇ ಆಗಿರುವುದಿಲ್ಲ. ಉಚಿತ ಸಸಿ, ಮನೆಗೆ ಬಂದು ಜಾಗ ನೋಡಿ ಹೇಳುವ ಸಲಹೆಗಾರರು, ಬಿಲ್ಲಿನಲ್ಲಿ ರಿಯಾಯಿತಿ ಇವೂ ನೆರವೇ. ಜರ್ಮನಿಯ ಅನೇಕ ನಗರಗಳಲ್ಲಿ ಮಳೆನೀರಿಗೂ ಬಿಲ್ ಬರುತ್ತದೆ. ಚರಂಡಿಗೆ ನೀರು ಬಿಡುವ ಸಿಮೆಂಟು, ಚಾವಣಿ ಎಷ್ಟು ಚದರ ಮೀಟರ್ ಇದೆಯೋ ಅಷ್ಟಕ್ಕೆ ಶುಲ್ಕ. ಅಂಗಳದ ಸಿಮೆಂಟ್ ಒಡೆದು ನೀರು ಇಂಗುವಂತೆ ಮಾಡಿದರೆ ಬಿಲ್ ಇಳಿಯುತ್ತದೆ. ಒಮ್ಮೆ ಸಿಗುವ ಸಹಾಯಧನಕ್ಕಿಂತ ವರ್ಷ ವರ್ಷ ಉಳಿಯುವ ಇಂಥ ರಿಯಾಯಿತಿಯೇ ನನಗೆ ಜಾಸ್ತಿ ಇಷ್ಟ.

ಕಚೇರಿಗೆ ಫೋನ್ ಮಾಡಿದಾಗ ಈ ಎರಡನ್ನು ತಪ್ಪದೆ ಕೇಳಿ. ಈ ವರ್ಷದ ದುಡ್ಡು ಇನ್ನೂ ಉಳಿದಿದೆಯಾ? ದುಡ್ಡನ್ನು ಮೊದಲು ಬಂದವರಿಗೆ ಮೊದಲು ಅಂತ ಕೊಡುತ್ತೀರಾ, ಅಂಕ ಹಾಕಿ ಆರಿಸುತ್ತೀರಾ, ಚೀಟಿ ಎತ್ತುತ್ತೀರಾ? ಮೊದಲು ಬಂದವರಿಗೆ ಅಂದರೆ ಹಣಕಾಸು ವರ್ಷದ ಮೊದಲ ವಾರವೇ ಅರ್ಜಿ ಹೋಗಬೇಕು. ಅಂಕ ಅಂದರೆ ಅಂಕದ ಪಟ್ಟಿ ಕೊಡಿ ಅಂತ ಕೇಳಿ ಪಡೆಯಿರಿ.

ಹಂತ 4: ಷರತ್ತುಗಳನ್ನು ಪೆನ್ಸಿಲ್ ಹಿಡಿದು ಓದಿ

ನಾನು ಎಡವಿದ್ದು ಇಲ್ಲೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮಂಜೂರಾತಿ ಪತ್ರ ಕೈಗೆ ಬರುವ ತನಕ ಕೆಲಸ ಶುರು ಮಾಡಬೇಡಿ. ಸಾಮಾನು ಕೂಡ ಕೊಳ್ಳಬೇಡಿ. ಮಂಜೂರಾತಿಗೆ ಮುಂಚಿನ ತಾರೀಕಿನ ಬಿಲ್ಲನ್ನು ಬಹಳ ಕಡೆ ಒಪ್ಪುವುದಿಲ್ಲ. ಲಾಸ್ ವೇಗಸ್‌ನಲ್ಲಿ ಹುಲ್ಲು ಕಿತ್ತ ಮೇಲೆ ಅರ್ಜಿ ಹಾಕಿದರೆ ದುಡ್ಡಿಲ್ಲ. ಹುಲ್ಲು ಇದ್ದದ್ದನ್ನು ಅವರು ಮೊದಲು ನೋಡಿರಬೇಕು. ಇದು ಸುಮ್ನೆ ಕಿರಿಕಿರಿ ಅಲ್ಲ. ದುಡ್ಡು ಕೊಡದಿದ್ದರೂ ನೀವು ಹೇಗೂ ಮಾಡುತ್ತಿದ್ದ ಕೆಲಸಕ್ಕೆ ಊರಿನ ದುಡ್ಡು ಯಾಕೆ ಅನ್ನುವುದು ಅವರ ವಾದ. ನ್ಯಾಯವೇ ಅಲ್ವಾ?

ಎರಡನೆಯದು, ಹೆಚ್ಚಿನ ಯೋಜನೆಗಳು ಮರುಪಾವತಿ ಮಾಡುತ್ತವೆ. ಅಂದರೆ ಮೊದಲು ನಿಮ್ಮ ಜೇಬಿನಿಂದ ಖರ್ಚು, ಆಮೇಲೆ ಅವರಿಂದ ವಾಪಸ್. ನಡುವೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆಗುತ್ತದೆ. ಸಾಲ ಮಾಡಿ ಶುರು ಮಾಡುವವರು ಈ ಅಂತರವನ್ನು ಲೆಕ್ಕಕ್ಕೆ ಹಿಡಿಯಬೇಕು. ಮುಂಗಡ ಕೊಡಲು ಅಥವಾ ಗುತ್ತಿಗೆದಾರನಿಗೆ ನೇರವಾಗಿ ಪಾವತಿಸಲು ಆಗುತ್ತದೆಯೇ ಅಂತ ಕೇಳಿ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಮೂರನೆಯದು ನಿಮ್ಮ ಪಾಲು. ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ 2019ರಲ್ಲಿ ಹುಲ್ಲುಹಾಸನ್ನು ಜೇನುಹುಳುಗಳಿಗೆ ಬೇಕಾದ ಹೂವಿನ ತೋಟ ಮಾಡುವ ಯೋಜನೆ ಶುರುವಾಯಿತು. ಅಲ್ಲಿ ಮನೆಯವರ ಪಾಲು ಶೇ 25. ಆದರೆ ಆ ಪಾಲನ್ನು ದುಡ್ಡಲ್ಲೇ ಹಾಕಬೇಕಿಲ್ಲ, ನೆಲ ಅಗೆದ ನಿಮ್ಮ ಗಂಟೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಿಮ್ಮ ಯೋಜನೆಯಲ್ಲೂ ಈ ಅವಕಾಶ ಇದ್ದರೆ ಮೊದಲ ದಿನದಿಂದಲೇ ಒಂದು ಪುಸ್ತಕ ಇಡಿ. ತಾರೀಕು, ಯಾರು, ಎಷ್ಟು ಗಂಟೆ, ಏನು ಕೆಲಸ.

ನಾಲ್ಕನೆಯದನ್ನು ಹೆಚ್ಚಿನವರು ಓದುವುದೇ ಇಲ್ಲ. ನಿರ್ವಹಣೆಯ ಒಪ್ಪಂದ. ಇಷ್ಟು ವರ್ಷ ಈ ಪಾತಿಯನ್ನು ತೆಗೆಯುವುದಿಲ್ಲ ಅಂತ ಸಹಿ ಹಾಕುತ್ತೀರಿ. ಮಧ್ಯದಲ್ಲಿ ಮನೆ ಮಾರಿದರೆ ಏನು? ಕೊಂಡವರು ಅದನ್ನು ಮುಚ್ಚಿ ಕಾರು ನಿಲ್ಲಿಸಿದರೆ ದುಡ್ಡು ನೀವು ವಾಪಸ್ ಕೊಡಬೇಕಾ? ಸಹಿಗೆ ಮುಂಚೆ ಇದನ್ನು ಬರಹದಲ್ಲಿ ಸ್ಪಷ್ಟ ಮಾಡಿಕೊಳ್ಳಿ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಅಪಾರ್ಟ್‌ಮೆಂಟ್ ಅಥವಾ ಲೇಔಟ್ ಸಂಘದ ನಿಯಮ ಇದ್ದರೆ ಅದೂ ನೋಡಿ. ಕೆಲವು ಕಡೆ ತರಗತಿಗೆ ಹೋದವರಿಗೆ ಮಾತ್ರ ದುಡ್ಡು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಮಳೆನೀರು ಸಂಗ್ರಹದ ಸಹಾಯಧನಕ್ಕೆ ಮೊದಲು ಕಾರ್ಯಾಗಾರಕ್ಕೆ ಹೋಗಬೇಕು. ಬೇಸರ ಮಾಡಿಕೊಳ್ಳಬೇಡಿ, ಆಮೇಲೆ ಆಗಬಹುದಾದ ತಪ್ಪುಗಳು ಇದರಿಂದ ಕಡಿಮೆಯಾಗುತ್ತವೆ.

ಹಂತ 5: ಅರ್ಜಿಯಲ್ಲಿ ಏನು ಬರೆಯಬೇಕು?

"ನಮಗೆ ಪರಿಸರದ ಮೇಲೆ ಬಹಳ ಪ್ರೀತಿ" ಅಂತ ಶುರು ಮಾಡಬೇಡಿ. ಎಲ್ಲರೂ ಹಾಗೇ ಬರೆಯುತ್ತಾರೆ. ಕಾಂಪೌಂಡ್ ಆಚೆ ಹೋಗುವುದರ ಬಗ್ಗೆ ಬರೆಯಿರಿ. ನಾನು ಬರೆಯುವುದಾದರೆ ಹೀಗೆ:

"ಮನೆಯ ಹಿಂಭಾಗದ 25 ಚದರ ಮೀಟರ್ ಚಾವಣಿಯ ನೀರು ಈಗ ಸಿಮೆಂಟ್ ಅಂಗಳದ ಮೇಲೆ ಹರಿದು ಬೀದಿ ಚರಂಡಿಗೆ ಸೇರುತ್ತಿದೆ (ಫೋಟೋ 1, 2). ಅದನ್ನು 15 ಸೆಂ.ಮೀ. ತಗ್ಗಿನ, 4 ಚದರ ಮೀಟರ್ ಮಳೆತೋಟಕ್ಕೆ ತಿರುಗಿಸುತ್ತೇವೆ. 25 ಮಿ.ಮೀ. ಮಳೆ ಬಂದಾಗ ಸುಮಾರು 600 ಲೀಟರ್ ನೀರು ಇಲ್ಲೇ ನಿಂತು ಇಂಗುತ್ತದೆ. ಇದೇ ಜಾಗದಲ್ಲಿ 30 ಸೆಂ.ಮೀ. ಗುಂಡಿಯ ನೀರು 14 ಗಂಟೆಯಲ್ಲಿ ಇಂಗಿದೆ. ಅಗೆಯುವ ಕೆಲಸ ನಮ್ಮದೇ. ಗಿಡ, ಕೊಳವೆ, ಜಲ್ಲಿಗೆ ನೆರವು ಕೇಳುತ್ತಿದ್ದೇವೆ."

ಇಷ್ಟೇ. ಓದುವವರಿಗೆ ಬೇಕಾದ ಅಳತೆ ಇದೆ, ಸಾಕ್ಷಿ ಇದೆ, ನಿಮ್ಮ ಪಾಲೂ ಇದೆ. ಜೊತೆಗೆ ನಕ್ಷೆ, ಖರ್ಚಿನ ಪಟ್ಟಿ, ಎರಡು ಮೂರು ಕಡೆಯ ಕೊಟೇಶನ್ ಇಡಿ. ಖರ್ಚಿನ ಪಟ್ಟಿಯಲ್ಲಿ "ಇತರೆ" ಅನ್ನುವ ಸಾಲು ದಪ್ಪವಾಗದಿರಲಿ.

ಹಂತ 6: ಮಂಜೂರಾಯಿತು, ಈಗ ಅಗೆಯಿರಿ

ಅಗೆಯುವ ಮುಂಚೆ ನೆಲದಡಿಯ ಕರೆಂಟ್, ನೀರು, ಗ್ಯಾಸ್ ಕೊಳವೆಗಳು ಎಲ್ಲಿವೆ ಅಂತ ಆಯಾ ಕಚೇರಿಯಲ್ಲಿ ವಿಚಾರಿಸಿ. ಮಳೆತೋಟವಾಗಲಿ ಇಂಗುಗುಂಡಿಯಾಗಲಿ ಮನೆಯ ಪಾಯದಿಂದ ಕನಿಷ್ಠ 3 ಮೀಟರ್ ದೂರ ಇರಲಿ. ಸೆಪ್ಟಿಕ್ ಟ್ಯಾಂಕಿನ ಮೇಲೂ ಬೇಡ, ಹತ್ತಿರವೂ ಬೇಡ. ದೊಡ್ಡ ಮರದ ಬುಡದಲ್ಲಿ ಅಗೆದು ಬೇರು ಕಡಿಯಬೇಡಿ. ಇರುವ ಮರ ಕೊಂದು ಹೊಸ ಗಿಡ ನೆಟ್ಟರೆ ಲೆಕ್ಕ ಉಲ್ಟಾ ಆಗುತ್ತದೆ.

ಉಕ್ಕಿದ ನೀರಿಗೆ ದಾರಿ ಮಾಡಿ. ಯಾವ ಅಳತೆಯ ಪಾತಿಯೂ ಒಂದು ದಿನ ತುಂಬಿಯೇ ತುಂಬುತ್ತದೆ. ಆಗ ನೀರು ಪಕ್ಕದ ಮನೆಯ ಗೋಡೆಗೆ ನುಗ್ಗಬಾರದು. ಡ್ರಮ್ ಇಟ್ಟರೆ ಬಾಯಿಗೆ ಸಣ್ಣ ಬಲೆ ಕಟ್ಟಿ. ಸೊಳ್ಳೆ ಮೊಟ್ಟೆ ಇಟ್ಟು ಹೊಸ ಸೊಳ್ಳೆ ಹಾರಲು ಬೆಚ್ಚಗಿನ ದಿನಗಳಲ್ಲಿ ಒಂದು ವಾರ ಹತ್ತು ದಿನ ಸಾಕು. 200 ಲೀಟರ್ ಅಂದರೆ 200 ಕಿಲೋ ಭಾರ. ಕೆಳಗಿನ ಕಟ್ಟೆ ಗಟ್ಟಿ ಇರಲಿ, ಮಕ್ಕಳು ತಳ್ಳಿದರೆ ಉರುಳದಿರಲಿ.

ಅರ್ಜಿಯಲ್ಲಿ ಬರೆದ ಗಿಡ ಸಿಗಲಿಲ್ಲ, ಜಾಗ ಒಂದು ಮೀಟರ್ ಸರಿಸಬೇಕಾಯಿತು, ಹೀಗೇನಾದರೂ ಆದರೆ ಮೊದಲು ಇಮೇಲ್ ಮಾಡಿ ಒಪ್ಪಿಗೆ ತೆಗೆದುಕೊಳ್ಳಿ. ಫೋನಿನಲ್ಲಿ "ಆಯ್ತು ಬಿಡಿ" ಅಂದವರು ಪರಿಶೀಲನೆಯ ದಿನ ರಜೆಯಲ್ಲಿರಬಹುದು.

ಹಂತ 7: ಕಾಗದ ಪತ್ರ

ಬಿಲ್, ಪಾವತಿಯ ಪುರಾವೆ, ಗಂಟೆಗಳ ಪುಸ್ತಕ. ಕೆಲಸಕ್ಕೆ ಮುಂಚೆ, ಕೆಲಸದ ನಡುವೆ, ಮುಗಿದ ಮೇಲೆ ಒಂದೇ ಜಾಗದಲ್ಲಿ ನಿಂತು ತೆಗೆದ ಫೋಟೋ. ಬಿಲ್ಲಿನ ಶಾಯಿ ಮಾಸುತ್ತದೆ, ಬಂದ ದಿನವೇ ಫೋಟೋ ತೆಗೆದಿಡಿ. ಕೊನೆಯ ತಾರೀಕು ಯಾವುದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೆಲವು ದೇಶಗಳಲ್ಲಿ ಇಂಥ ನೆರವು ಆದಾಯದ ಲೆಕ್ಕಕ್ಕೆ ಬರುತ್ತದೆ. ತೆರಿಗೆ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿ.

ಮೊದಲ ವರ್ಷ ಗಿಡ ಸಾಯುವುದು ಮಾಮೂಲು. ಬೇರು ಹಿಡಿಯುವ ತನಕ ಸ್ಥಳೀಯ ಗಿಡಕ್ಕೂ ನೀರು ಬೇಕು. ಸತ್ತ ಗಿಡ ಬದಲಿಸುವ ಖರ್ಚನ್ನು ಅರ್ಜಿಯ ಪಟ್ಟಿಯಲ್ಲೇ ಸೇರಿಸಬಹುದಾ ಅಂತ ಮೊದಲೇ ಕೇಳಿರಿ.

ನಿಮ್ಮ ಊರಲ್ಲಿ ಇಂಥ ಯೋಜನೆಯೇ ಇಲ್ಲವೇ?

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಕಚೇರಿಗಳಿಗೂ ಅನ್ವಯಿಸುತ್ತದೆ. ಚರಂಡಿಗೆ ದುಡ್ಡು ಇರುತ್ತದೆ, ಹಿತ್ತಿಲಿಗೆ ಇರುವುದಿಲ್ಲ. ಒಬ್ಬರೇ ಹೋಗಿ ಕೇಳಿದರೆ ಸಬ್ಸಿಡಿ ಕೇಳಲು ಬಂದವರ ಹಾಗೆ ನೋಡುತ್ತಾರೆ. ಬೀದಿಯ ಎಂಟು ಹತ್ತು ಮನೆಯವರು ಸೇರಿ ಹೋಗಿ. ಪ್ರತಿ ಮನೆಯ ಚಾವಣಿ ಅಳತೆ, ಮಳೆಯ ದಿನ ತೆಗೆದ ಬೀದಿಯ ಫೋಟೋ, 25 ಮಿಲಿಮೀಟರ್ ಮಳೆಗೆ ಎಷ್ಟು ಸಾವಿರ ಲೀಟರ್ ಚರಂಡಿಗೆ ಹೋಗುತ್ತಿದೆ ಅನ್ನುವ ಒಂದು ಪುಟದ ಲೆಕ್ಕ ಕೈಯಲ್ಲಿರಲಿ. ದೊಡ್ಡ ಯೋಜನೆ ಕೇಳಬೇಡಿ. ಒಂದು ಬೀದಿ, ಒಂದು ಮಳೆಗಾಲ, ಪ್ರಯೋಗಕ್ಕೆ ಅಂತ ಕೇಳಿ. ದುಡ್ಡಿಲ್ಲ ಅಂದರೆ ಸಸಿ ಕೊಡಿ, ಅಗೆಯುವ ಯಂತ್ರ ಒಂದು ದಿನ ಕಳಿಸಿ, ಎಂಜಿನಿಯರ್ ಒಬ್ಬರು ಬಂದು ಜಾಗ ನೋಡಲಿ ಅನ್ನಿ. ಮುಂದಿನ ಬಜೆಟ್ ಯಾವ ತಿಂಗಳಲ್ಲಿ ತಯಾರಾಗುತ್ತದೆ ಅಂತ ಕೇಳಿಕೊಂಡು ಬನ್ನಿ. ಅದಕ್ಕೆ ಎರಡು ತಿಂಗಳು ಮುಂಚೆ ಮತ್ತೆ ಹೋಗಿ, ಅಷ್ಟೊತ್ತಿಗೆ ಬಂದ ಮಳೆಯ ಹೊಸ ಫೋಟೋ ತೆಗೆದುಕೊಂಡು.